ಬೇಲೆಕೇರಿ: ಸಂಡೂರು ಅದಿರಿನ ಸುಂಕದ ದಾರಿ

ಕಲ್ಯಾಣ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳು ಗೊತ್ತೇ ಇರುತ್ತವೆ. ಹೇರಿಗೆ ಇಷ್ಟು ಅಂತ ದೇವಾಲಯಕ್ಕೆ ಬಿಟ್ಟ ಆಯವನ್ನೂ ಕಲ್ಲಲ್ಲೇ ಬರೆಸಿದ್ದಾರೆ. ಹಳೆಯ ಸರಕಿನ ದಾರಿಗಳು ನಮಗೆ ಸಿಗೋದು ಈ ಸಾಲುಗಳಲ್ಲೇ.

ಇದೇ ಕಣ್ಣಿಂದ ಸಂಡೂರಿನ ಕಬ್ಬಿಣದ ಅದಿರಿನ ದಾರಿ ನೋಡೋಣ. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅದರ ಪಕ್ಕದ ಮೀನುಗಾರರ ಹಳ್ಳಿ ಬೇಲೆಕೇರಿ. ದೊಡ್ಡ ಹಡಗು ಇಲ್ಲಿ ದಡಕ್ಕೆ ಬರಲ್ಲ. ಅದಿರನ್ನು ಬಾರ್ಜಿಗೆ ತುಂಬಿ, ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಮುಟ್ಟಿಸಬೇಕು. ಮಳೆಗಾಲದಲ್ಲಿ ಅದೂ ಬಂದ್. ಚೀನಾದ ಬೇಡಿಕೆ ಏರಿದ 2000ದ ದಶಕದಲ್ಲಿ ಬಂದರು ಅದಿರನ್ನೇ ನೆಚ್ಚಿಕೊಂಡಿತು.

ಇಲ್ಲಿ ಶಾಸನದ ಜಾಗದಲ್ಲಿದ್ದದ್ದು ಲಾರಿಯ ಪರ್ಮಿಟ್. ಅಕ್ರಮ ಸಾಗಣೆ ಅಂತ 2010ರ ಮಾರ್ಚ್‌ನಲ್ಲಿ ವಶಪಡಿಸಿಕೊಂಡ ಸುಮಾರು 8 ಲಕ್ಷ ಟನ್ ಅದಿರಿನಲ್ಲಿ ಬಹುಪಾಲು, ಜೂನ್ ಹೊತ್ತಿಗೆ ಬಂದರಿನಿಂದಲೇ ಕಾಣೆ! ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಮುಂದಿನ ವರ್ಷದ ಲೋಕಾಯುಕ್ತ ವರದಿಯಲ್ಲಿ ಈ ಅಕ್ರಮಗಳ ವಿವರವಿದೆ.

ಅದಿರು ಘಟ್ಟದ ಮೇಲಿನದು, ಲಾಭ ಹೊರಗಿನವರದು. ಲೆಕ್ಕ ತಪ್ಪಿದಾಗ ಬರಿದಾದದ್ದು ಹಳ್ಳಿಯ ಬಂದರು. ಹಾಗಾಗಿ ದಾನಶಾಸನದಲ್ಲಿ ಸುಂಕದ ಸಾಲು ಬಂದಾಗ ಹಾರಿಸಬೇಡಿ. ಯಾರ ಸರಕು, ಎಷ್ಟು ಹೇರು, ಯಾರಿಗೆ ಎಷ್ಟು ಅಂತ ಹೇಳೋದು ಅದೊಂದೇ ಸಾಲು.