ಮೀನಿನ ತೊಟ್ಟಿಗೆ ಕಾಣದ ಕಿರಣದ ಕಾವಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಬಿಸಿಲಿಗೆ ಬರವಿಲ್ಲ. ಮನೆಯ ಮೀನಿನ ತೊಟ್ಟಿ ಕಿಟಕಿಯ ಪಕ್ಕದಲ್ಲಿದ್ದರೆ ಕೆಲವೇ ದಿನಗಳಲ್ಲಿ ನೀರು ಹಸಿರಾಗುತ್ತದೆ. ಇದು ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯ ಕೆಲಸ. ಇದಕ್ಕೊಂದು ಉಪಾಯ, ಅತಿನೇರಳೆ ಕಿರಣದ ಶುದ್ಧೀಕರಣ ಸಾಧನ.

ಬೆಳಕು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು ಎಂಬುದನ್ನು 1877ರಲ್ಲೇ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿಕೊಟ್ಟಿದ್ದರು. ಹಾಗಾದರೆ ಬಿಸಿಲಿನಲ್ಲಿ ಪಾಚಿ ಬೆಳೆಯುವುದೇಕೆ? ಈ ಸಾಧನದ ಪಾದರಸ ದೀಪ ಸೂಸುವ 254 ನ್ಯಾನೊಮೀಟರ್ ತರಂಗಾಂತರದ ಕಿರಣ ಬಿಸಿಲಿನಲ್ಲಿ ನಮ್ಮನ್ನು ತಲುಪುವುದಿಲ್ಲ. ಓಜೋನ್ ಪದರವೇ ಅದನ್ನು ತಡೆಯುತ್ತದೆ. ಈ ಕಿರಣ ಜೀವಕೋಶದ ಡಿಎನ್‌ಎಯನ್ನು ಕೆಡಿಸುವುದರಿಂದ ಪಾಚಿಯ ಸಂತತಿ ನಿಲ್ಲುತ್ತದೆ. ಸಾಮಾನ್ಯ ಗಾಜು ಇದನ್ನು ತಡೆಯುವುದರಿಂದ ದೀಪಕ್ಕೆ ಕ್ವಾರ್ಟ್ಜ್ ಕೊಳವೆಯ ಕವಚ ಬೇಕು.

ಫಿಲ್ಟರಿನಲ್ಲಿ ಸೋಸಿದ ನೀರನ್ನೇ ಪಂಪಿನ ಮೂಲಕ ನಿಧಾನವಾಗಿ ಸಾಧನದೊಳಗೆ ಹರಿಸಬೇಕು. ನೀರು ರಭಸವಾಗಿ ಹರಿದರೆ ಕಿರಣಕ್ಕೆ ಸಮಯ ಸಾಲದು. ಸತತವಾಗಿ ಉರಿಯುವ ದೀಪವನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ನೀಲಿ ಬೆಳಕು ಕಂಡರೂ ಕಿರಣದ ಬಲ ಕುಗ್ಗಿರುತ್ತದೆ.

ಪಾಲಕರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿಗೆ ಅಪಾಯ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಬೇಕು.

ಮೀನಿನ ಮಲದಿಂದ ಹುಟ್ಟುವ ಅಮೋನಿಯ ಈ ಕಿರಣದಿಂದ ಹೋಗದು. ಅದನ್ನು ನೈಟ್ರೇಟ್ ಆಗಿಸುವುದು ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡ ಉಪಕಾರಿ ಬ್ಯಾಕ್ಟೀರಿಯಾ. ದೀಪದ ಮುಂದೆ ಹಾಯದ ಅವಕ್ಕೆ ಅಪಾಯವಿಲ್ಲ. ಆದರೂ ಆಗಾಗ ಸ್ವಲ್ಪ ನೀರು ಬದಲಿಸಲೇಬೇಕು.

ಹಣ ಖರ್ಚು ಮಾಡುವ ಮೊದಲು ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿ, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.