ಬಯಲಿಗೆ ಬಂದ ಭಾವಗೀತೆ

ನವೆಂಬರ್ ಒಂದನೆಯ ತಾರೀಖು ಬೆಳಗಾವಿ ಹೇಗಿರುತ್ತದೆಂಬುದನ್ನು ಆ ಊರನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ರಾಣಿ ಚನ್ನಮ್ಮ ವೃತ್ತದತ್ತ ಜನ ಲಕ್ಷದ ಲೆಕ್ಕದಲ್ಲಿ ಹರಿದುಬರುತ್ತಾರೆ. ಸುತ್ತಣ ಹಳ್ಳಿಗಳ ತರುಣರು ಕೆಂಪು ಹಳದಿ ಬಾವುಟಗಳೊಡನೆ ಬಂದರೆ, ರಾಮತೀರ್ಥನಗರದಂಥ ಊರಂಚಿನ ಬಡಾವಣೆಗಳಿಂದ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಸಂಸಾರವಂದಿಗರೂ ಹೊರಡುತ್ತಾರೆ. ಗಡಿಯ ಊರಿನಲ್ಲಿ ಕನ್ನಡದ ಹಾಡೆಂದರೆ ಬರಿಯ ಹಾಡಲ್ಲ. ಅದನ್ನು ಬೀದಿಯಲ್ಲಿ ನಿಂತು, ಸಾವಿರ ಕಂಠಗಳೊಡನೆ, ಗಟ್ಟಿಯಾಗಿಯೇ ಹಾಡಬೇಕು.

ಆದರೆ ಕನ್ನಡದ ಭಾವಗೀತೆ ಹುಟ್ಟಿದ್ದು ಗಟ್ಟಿಯಾಗಿ ಹಾಡುವುದಕ್ಕಲ್ಲ. ಕವಿಯೊಬ್ಬ ತನ್ನಷ್ಟಕ್ಕೆ ತಾನು ಆಡಿಕೊಂಡ ಮಾತು ಅದು. ಓದುಗನೂ ಒಂಟಿಯಾಗಿಯೇ ಅದನ್ನು ಓದಿಕೊಳ್ಳುತ್ತಿದ್ದ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಊರೂರು ತಿರುಗಿ ಅದನ್ನು ಸಭಾಂಗಣಕ್ಕೆ ತಂದರು. ಮೈಸೂರು ಅನಂತಸ್ವಾಮಿಯವರು ತಮ್ಮ ಮೃದುವಾದ ಧಾಟಿಗಳಿಂದ ಅದನ್ನು ಮನೆಮನೆಗೆ ಮುಟ್ಟಿಸಿದರು. 1978ರಲ್ಲಿ ಬಂದ ಅವರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಕವಿತೆ ಅಡಿಗೆಮನೆಯವರೆಗೂ ಹೋಯಿತು. ಅಲ್ಲಿಂದ ಅದನ್ನು ಎಳೆದು ತಂದು ಬಯಲಿನಲ್ಲಿ ನಿಲ್ಲಿಸಿದವರು ಸಿ. ಅಶ್ವಥ್.

2005ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಎಂಬ ಹೆಸರಿನ ಕಾರ್ಯಕ್ರಮ ನಡೆಸಿದರು. ಲಕ್ಷಕ್ಕೂ ಮಿಕ್ಕಿ ಜನ ನೆರೆದರು. ಅಲ್ಲಿ ಸಿನಿಮಾ ತಾರೆಯರ ಕುಣಿತವಿರಲಿಲ್ಲ, ರಾಜಕೀಯ ಭಾಷಣವೂ ಜನರನ್ನು ಕರೆದಿರಲಿಲ್ಲ. ಶಾಲೆಯ ಪಠ್ಯದಲ್ಲಿ ಕಂಠಪಾಠ ಮಾಡಿ ಮರೆಯಬಹುದಾಗಿದ್ದ ಕವಿತೆಗಳನ್ನು ಕೇಳುವುದಕ್ಕೆ ಅಷ್ಟು ಜನ ಬಂದಿದ್ದರು. ಅದೇ ಮೈದಾನಕ್ಕೆ ಎರಡು ವರ್ಷ ಮುಂಚೆ, 2003ರಲ್ಲಿ, ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಬಂದು ಹಾಡಿಹೋಗಿತ್ತು; ಎರಡು ವರ್ಷದ ಅನಂತರ ಐರನ್ ಮೇಡನ್ ತಂಡ ಬರಲಿತ್ತು. ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸಿದ ರಾಕ್ ತಂಡಗಳವು. ಅವುಗಳ ನಡುವೆ ಎಪ್ಪತ್ತರ ಹತ್ತಿರ ಬಂದ ಕನ್ನಡಿಗರೊಬ್ಬರು ಕುವೆಂಪು, ಬೇಂದ್ರೆ, ಶರೀಫರನ್ನು ನಂಬಿ ನಿಂತುದು ಸಣ್ಣ ಸಾಹಸವಲ್ಲ.

ಈ ಸಾಹಸಿ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ವಿಜ್ಞಾನದ ಪದವಿ ಪಡೆದು, ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ನೌಕರಿ ಮಾಡಿದರು. ಹಗಲು ಕಾರ್ಖಾನೆ, ಸಂಜೆ ನಾಟಕದ ತಾಲೀಮು. ಸಂಗೀತವೇ ಹೊಟ್ಟೆ ಹೊರೆಯಬೇಕಾದ ಕಷ್ಟ ಆ ನೌಕರಿಯಿಂದ ತಪ್ಪಿತೆಂಬುದನ್ನು ಮರೆಯುವಂತಿಲ್ಲ. ಸಂಬಳ ತಿಂಗಳಿಗೊಮ್ಮೆ ಬರುವ ಮನುಷ್ಯ ಕವಿತೆಗೆ ರಾಗ ಹುಡುಕುತ್ತ ಕುಳಿತರೆ ಮನೆಯವರು ಅಷ್ಟಾಗಿ ಗೊಣಗುವುದಿಲ್ಲ.

ಹವ್ಯಾಸಿ ರಂಗಭೂಮಿಯೇ ಅವರ ನಿಜವಾದ ಪಾಠಶಾಲೆ. ಮೈಕಿನ ಆಸರೆಯಿಲ್ಲದೆ ಕೊನೆಯ ಸಾಲಿನವನಿಗೂ ಮಾತು ಕೇಳುವಂತೆ ಹಾಡಬೇಕಾದುದು ನಾಟಕದ ಹಾಡು. ಅಲ್ಲಿ ರಾಗದ ಆಲಾಪಕ್ಕೆ ಪುರಸೊತ್ತಿಲ್ಲ. ಮಾತಿನ ಅರ್ಥ ಮೊದಲು ಮುಟ್ಟಬೇಕು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ಅವರು 1977ರಲ್ಲಿ ತೆರೆಗೆ ತಂದಾಗ ಅಶ್ವಥ್ ಸಂಗೀತ ನಿರ್ದೇಶಕರಾದರು. ಮುಂದೆ ಎಲ್. ವೈದ್ಯನಾಥನ್ ಅವರೊಡನೆ ‘ಅಶ್ವಥ್-ವೈದಿ’ ಎಂಬ ಜೋಡಿ ಹೆಸರಿನಲ್ಲಿ ‘ಏನೇ ಬರಲಿ ಪ್ರೀತಿ ಇರಲಿ’, ‘ಆಲೆಮನೆ’, ‘ಅನುಪಮ’ ಮೊದಲಾದ ಚಿತ್ರಗಳಿಗೆ ಹಾಡು ಕಟ್ಟಿದರು. ವೈದ್ಯನಾಥನ್ ಪಿಟೀಲಿನ ಮನೆತನದವರು. ಅವರ ಸೋದರ ಎಲ್. ಶಂಕರ್ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಗ್ಲಿನ್ ಅವರೊಡನೆ ‘ಶಕ್ತಿ’ ತಂಡದಲ್ಲಿ ಸೇರಿ ಪಶ್ಚಿಮದ ವೇದಿಕೆಗಳನ್ನು ನಡುಗಿಸಿದ ಕಾಲವೂ ಅದೇ ಸುಮಾರು. ಅಶ್ವಥ್‌ಗೆ ಧಾಟಿ ಹೊಳೆಯುತ್ತಿತ್ತು. ಅದಕ್ಕೆ ವಾದ್ಯಗಳ ಮೈ ತೊಡಿಸುವ ವಿದ್ಯೆ ವೈದ್ಯನಾಥನ್ ಅವರಲ್ಲಿತ್ತು.

1983ರಲ್ಲಿ ‘ಮೈಸೂರು ಮಲ್ಲಿಗೆ’ಯ ಧ್ವನಿಸುರುಳಿ ಬಂದಿತು. ಕೆ.ಎಸ್. ನರಸಿಂಹಸ್ವಾಮಿಯವರ ಆ ಕವನಸಂಕಲನ 1942ರಷ್ಟು ಹಳೆಯದು. ಅಷ್ಟರಲ್ಲಿ ಎರಡು ತಲೆಮಾರಿನ ದಂಪತಿಗಳು ಅದನ್ನು ಮದುವೆಯ ಉಡುಗೊರೆಯಾಗಿ ಕೊಟ್ಟು ತೆಗೆದುಕೊಂಡಿದ್ದರು. ಪುಸ್ತಕವಾಗಿ ಕಪಾಟಿನಲ್ಲಿದ್ದುದು ಈಗ ಹಾಡಾಗಿ ಕಿಟಕಿಯಿಂದ ಆಚೆ ಬಂದಿತು.

ಹೀಗಿದ್ದರೂ ಅಶ್ವಥರಿಗೆ ತಮ್ಮ ಕಂಠಕ್ಕೆ ಸರಿಯಾದ ಕವಿ ದೊರೆತದ್ದು ಮೈಸೂರು ಸೀಮೆಯಲ್ಲಲ್ಲ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಕಿತ್ತೂರು, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿದರೆ ಸಿಗುವ ಶಿಗ್ಗಾಂವಿ ಸೀಮೆಯಲ್ಲಿ ಶಿಶುನಾಳವೆಂಬ ಹಳ್ಳಿಯಿದೆ. ಅಲ್ಲಿಯ ಶರೀಫ ಸಾಹೇಬರು (1819-1889) ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾಗಿ, ಕಂಡ ಕಂಡ ವಸ್ತುವಿನ ಮೇಲೆಲ್ಲ ತತ್ತ್ವಪದ ಕಟ್ಟಿದವರು. ಆ ಪದಗಳು ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ ಏಕತಾರಿ, ತಾಳಗಳೊಡನೆ ಬದುಕಿಕೊಂಡಿದ್ದವು. ಬೆಂಗಳೂರಿನ ಸುಶಿಕ್ಷಿತರಿಗೆ ಅವುಗಳ ಗುರುತು ಅಷ್ಟಾಗಿ ಇರಲಿಲ್ಲ. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಎತ್ತಿಕೊಟ್ಟರು. ಅಶ್ವಥ್ ಅವಕ್ಕೆ ಹೊಸ ಧಾಟಿ ಕೂಡಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ತೆರೆಯ ಮೇಲೆ ಶರೀಫರಾಗಿ ಶ್ರೀಧರ್ ಕಾಣಿಸಿಕೊಂಡರೆ, ಹಾಡಿದ ಕಂಠ ಅಶ್ವಥರದು. ಗೋವಿಂದಭಟ್ಟರ ಪಾತ್ರ ಗಿರೀಶ ಕಾರ್ನಾಡರದು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿ ಆ ಚಿತ್ರಕ್ಕೆ ಸಂದಿತು.

ಆ ಕಂಠದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಅಂದಿನಿಂದಲೂ ಉಂಟು. ಒರಟು, ಗಡುಸು, ಮೇಲಿನ ಷಡ್ಜಕ್ಕೆ ಏರಿದರೆ ಕವಿತೆಯ ಎಲೆಯೆಲ್ಲ ಉದುರಿಹೋಗುವಂಥ ಬಿರುಸು ಎಂದವರಿದ್ದಾರೆ. ಪ್ರೇಮಗೀತೆಗಳ ಮಟ್ಟಿಗೆ ಆ ಮಾತನ್ನು ಪೂರಾ ತಳ್ಳಿಹಾಕುವಂತಿಲ್ಲ; ಹೆಂಡತಿಯ ಕಿವಿಯಲ್ಲಿ ಹೇಳಬೇಕಾದುದನ್ನು ಊರಿಗೆಲ್ಲ ಸಾರಿದಂತೆ ಕೆಲವೆಡೆ ಕೇಳಿಸುವುದು ನಿಜ. ಆದರೆ ಶರೀಫರ ಪದವನ್ನು ಪಿಸುಮಾತಿನಲ್ಲಿ ಹಾಡುವುದು ಹೇಗೆ? ಗುಡಿಯ ಕಟ್ಟೆಯ ಮೇಲೆ ಕುಳಿತು ಇಡೀ ಊರನ್ನು ಕೆಣಕಿದ ಪದಗಳವು. ಅಲ್ಲಿ ಒರಟುತನ ಕುಂದಲ್ಲ, ಸತ್ಯ.

ಬಯಲಿನ ಹಾಡಿಗೆ ಬಯಲಿನದೇ ಆದ ನಿಯಮವೂ ಇದೆ. 1965ರಲ್ಲಿ ಬೀಟಲ್ಸ್ ತಂಡ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನರೆದುರು ಹಾಡಿದಾಗ ಅಭಿಮಾನಿಗಳ ಕಿರುಚಾಟದಲ್ಲಿ ಹಾಡೇ ಕೇಳಿಸಲಿಲ್ಲ. ಹಾಡುವವರಿಗೂ ತಮ್ಮ ಧ್ವನಿ ಕೇಳಿಸದಷ್ಟು. ಅಲ್ಲಿಂದಾಚೆಗೆ ಧ್ವನಿವರ್ಧಕದ ತಂತ್ರ ಬಹಳ ಬೆಳೆಯಿತು. ಆದರೂ ಶಬ್ದ ಚಲಿಸುವುದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ದೊಡ್ಡ ಮೈದಾನದ ಹಿಂದಿನ ತುದಿಗೆ ಹಾಡು ಕೊಂಚ ತಡವಾಗಿಯೇ ಮುಟ್ಟುತ್ತದೆ. ನಡುವೆ ನಿಲ್ಲಿಸಿದ ಧ್ವನಿವರ್ಧಕಗಳನ್ನು ಅಷ್ಟೇ ತಡಮಾಡಿ ನುಡಿಸದಿದ್ದರೆ ಒಂದೇ ಅಕ್ಷರ ಎರಡು ಸಲ ಕೇಳಿಸಿ ಕಲಸುಮೇಲೋಗರವಾಗುತ್ತದೆ. ಇಂಥ ಕಡೆ ಬಳುಕು ಗಮಕಗಳು ಕರಗಿಹೋಗುತ್ತವೆ. ನೀಳವಾದ ಸ್ವರ, ಕಡಿದಿಟ್ಟಂಥ ಅಕ್ಷರ, ಎಲ್ಲರೂ ಹಿಡಿಯಬಲ್ಲ ಪಲ್ಲವಿಗಳು ಉಳಿಯುತ್ತವೆ. ರಂಗಭೂಮಿ ಅಶ್ವಥರಿಗೆ ಕಲಿಸಿದ್ದು ಇವನ್ನೇ. ರಾಕ್ ಕೇಳಿ ಬೆಳೆದವರಲ್ಲದಿದ್ದರೂ, ಆ ತಂಡಗಳು ಕ್ರೀಡಾಂಗಣದಲ್ಲಿ ಕಂಡುಕೊಂಡುದನ್ನು ಅವರು ತಾಲೀಮಿನ ಕೋಣೆಯಲ್ಲೇ ಕಂಡುಕೊಂಡಿದ್ದರು.

ಇಷ್ಟು ಜನರನ್ನು ಒಟ್ಟಿಗೆ ಹಾಡಿಸಿದವರಿಗೆ ನಾಡೆಲ್ಲ ಒಟ್ಟಾಗಿ ಹಾಡುವ ಹಾಡು ಮಾತ್ರ ಕೊನೆಗೂ ಒಲಿಯಲಿಲ್ಲ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಸಾರಿತು. ಯಾವ ಧಾಟಿಯಲ್ಲಿ ಹಾಡಬೇಕೆಂಬುದು ಇತ್ಯರ್ಥವಾಗಲಿಲ್ಲ. ಅನಂತಸ್ವಾಮಿಯವರದೊಂದು ಧಾಟಿ, ಅಶ್ವಥರದೊಂದು ಧಾಟಿ, ಎರಡಕ್ಕೂ ಕಟ್ಟಾಭಿಮಾನಿಗಳು. ಸಮಿತಿಗಳು ಕೂಡಿದವು, ವರದಿಗಳು ಬಂದವು, ಪತ್ರಿಕೆಗಳಲ್ಲಿ ಕಾಗದಗಳು ಹರಿದಾಡಿದವು. ಅನಂತಸ್ವಾಮಿಯವರು 1995ರಲ್ಲೇ ತೀರಿಕೊಂಡಿದ್ದರು. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಅಂದು ಅವರಿಗೆ ಎಪ್ಪತ್ತು ತುಂಬಿದ ದಿನ. ಹುಟ್ಟುಹಬ್ಬಕ್ಕೆಂದು ತಂದ ಹಾರಗಳು ಬೇರೆ ಕೆಲಸಕ್ಕೆ ಒದಗಿದವೆಂದು ಅಭಿಮಾನಿಗಳು ಮರುಗಿದರೆ ಆಶ್ಚರ್ಯವಿಲ್ಲ.

ವಾದ ಮಾತ್ರ ಇಬ್ಬರೂ ಹೋದ ಮೇಲೆಯೂ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಆಜ್ಞೆ ಹೊರಡಿಸಿತು. ಅಶ್ವಥರ ಧಾಟಿಯ ಪರವಾಗಿ ಗಾಯಕರೊಬ್ಬರು ಹೈಕೋರ್ಟಿನ ಮೆಟ್ಟಿಲೇರಿದರು. 2024ರಲ್ಲಿ ಅರ್ಜಿ ವಜಾ ಆಯಿತು.

ಹಾಗಾಗಿ ಈಗ ಸಮಾರಂಭದ ಆರಂಭದಲ್ಲಿ ಎಲ್ಲರೂ ಎದ್ದುನಿಂತು ಹಾಡುವುದು ಅನಂತಸ್ವಾಮಿಯವರ ಧಾಟಿಯನ್ನು. ಭಾಷಣಗಳೆಲ್ಲ ಮುಗಿದು, ಗಣ್ಯರ ಮೋಟಾರುಗಳು ಹೊರಟುಹೋಗಿ, ಉಳಿದ ಜನ ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡು “ಶರೀಫರದೊಂದು ಆಗಲಿ” ಎಂದು ಕೂಗಿದಾಗ, ವೇದಿಕೆಯ ಹುಡುಗ ಗಂಟಲು ಸರಿಪಡಿಸಿಕೊಂಡು ಎತ್ತಿಕೊಳ್ಳುವುದು ಅಶ್ವಥರ ಧಾಟಿ.