ಭದ್ರಾವತಿ ಕಾಡಿನ ಕೆಂಪು ಹೋದದ್ದೆಲ್ಲಿಗೆ?

ಜಪಾನಿನ ಪೇಟೆಬೀದಿಗಳಲ್ಲಿ ಗಿಂಕ್ಗೋ ಮರಗಳು ನವೆಂಬರಿನ ಚಳಿಗೆ ಹಳದಿಯಾಗುತ್ತವೆ. ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಎಲೆ ಬಣ್ಣ ತಿರುಗುವುದು ಶಿಶಿರದಲ್ಲಿ, ಅದೂ ಚಳಿಗಿಂತ ಹೆಚ್ಚಾಗಿ ನೀರಿನ ಅಭಾವಕ್ಕೆ. ಮಳೆ ನಿಂತು ಎರಡು ಮೂರು ತಿಂಗಳಾದ ಮೇಲೆ ಮರ ಎಲೆಯೊಳಗಿನ ಹಸಿರನ್ನು ಒಡೆದು ಸಾರ ಹೀರಿಕೊಳ್ಳುತ್ತದೆ, ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ದಿಂಡಿಗದ ಎಲೆ ತಾಮ್ರದ ಬಣ್ಣಕ್ಕೆ ಬರುತ್ತದೆ, ಬಡಾವಣೆಗಳ ಕಾಡುಬಾದಾಮಿ ಕಡುಗೆಂಪಾಗುತ್ತದೆ. ಆದರೆ ನಮ್ಮ ಕಾಡಿನ ನಿಜವಾದ ಸೊಗಸು ಉದುರುವ ಎಲೆಯದಲ್ಲ, ಹುಟ್ಟುವ ಎಲೆಯದು. ಮಾರ್ಚಿನ ಉರಿಬಿಸಿಲಲ್ಲಿ, ಒಂದು ಹನಿ ಮಳೆ ಬೀಳುವ ಮೊದಲೇ, ಸಾಗಡೆ ಮರ ಮೈತುಂಬ ಕೆಂಪು ಚಿಗುರು ಹೊರುತ್ತದೆ. ಎಳೆ ಎಲೆ ಮುಟ್ಟಿದರೆ ಮೆತ್ತಗೆ, ಜೋತುಬಿದ್ದಿರುತ್ತದೆ. ಹಸಿರು ತುಂಬಿಕೊಳ್ಳುವವರೆಗೆ ಬಿಸಿಲಿನ ಪೆಟ್ಟು ತಡೆಯುವುದು ಆಂಥೊಸಯನಿನ್ ಎಂಬ ಆ ಕೆಂಪು. ದೂರದಿಂದ ನೋಡಿದವರು ಅದನ್ನು ಹೂವೆಂದೇ ತಿಳಿಯುತ್ತಾರೆ.

ಈ ಬಣ್ಣ ಕಡಿಮೆಯಾದದ್ದಕ್ಕೆ ಯಾರು ಹೊಣೆ ಎಂದರೆ ಎಲ್ಲರ ಬೆರಳೂ ಕಬ್ಬಿಣದ ಕಾರ್ಖಾನೆಯತ್ತ ಹೋಗುತ್ತದೆ. ಹೋಗಲು ಕಾರಣವೂ ಇದೆ. ಆಗ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸರ್ಕಾರ ಕಟ್ಟಿದ ಕಾರ್ಖಾನೆ 1923ರ ಜನವರಿಯಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಸುಣ್ಣಕಲ್ಲು ಭಂಡಿಗುಡ್ಡದಲ್ಲಿತ್ತು, ಕಲ್ಲಿದ್ದಲು ಮಾತ್ರ ಸುತ್ತಮುತ್ತ ಎಲ್ಲೂ ಇರಲಿಲ್ಲ. ಹಾಗಾಗಿ ಕುಲುಮೆಗೆ ಸೌದೆಯ ಇದ್ದಿಲೇ ಗತಿಯಾಯಿತು. ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕಿ ಸೌದೆ ತಂದರು. ಇದ್ದಿಲು ಸುಡುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ ಮರದ ಸ್ಪಿರಿಟ್, ಅಸಿಟೇಟ್, ಟಾರು ತೆಗೆಯುವ ಘಟಕವೂ ಇತ್ತು. ಇನ್ನು ಸೌದೆಯ ಲೆಕ್ಕ. ಕುಲುಮೆಯ ಶಕ್ತಿ ದಿನಕ್ಕೆ ಸುಮಾರು 60 ಟನ್ ಕಬ್ಬಿಣ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು, ಅಷ್ಟು ಇದ್ದಿಲಿಗೆ ನಾಲ್ಕೈದು ಟನ್ ಸೌದೆ ಎಂದು ಹಿಡಿದರೂ ದಿನವೊಂದಕ್ಕೆ 240ರಿಂದ 300 ಟನ್ ಆಗುತ್ತದೆ.

ಇಷ್ಟಾದರೂ ಬಣ್ಣ ಅಳಿಸಿದ್ದು ಕುಲುಮೆಯಲ್ಲ ಎಂದೇ ನನ್ನ ವಾದ. ಸೌದೆಗೆ ಕಡಿದ ಮರದ ಬುಡ ನೆಲದಲ್ಲೇ ಉಳಿಯುತ್ತದೆ. ದಿಂಡಿಗ, ಮತ್ತಿ, ಸಾಗಡೆ, ತೇಗ ಎಲ್ಲವೂ ಬೊಡ್ಡೆಯಿಂದ ಮತ್ತೆ ಚಿಗುರುವ ಜಾತಿಗಳು. ಇದ್ದಿಲಿಗೆ ಇಂಥದೇ ಮರ ಬೇಕೆಂಬ ಹಟವಿಲ್ಲ, ಮರ ದಪ್ಪವಿರಬೇಕೆಂಬ ಹಟವಂತೂ ಇಲ್ಲವೇ ಇಲ್ಲ. ಆದ್ದರಿಂದ ಕಡಿದ ಜಾಗದಲ್ಲಿ ಅದೇ ಜಾತಿಗಳು ಕುಳ್ಳಾಗಿ ಮರಳಿ ಬರಬಲ್ಲವು, ಅವುಗಳ ಜತೆ ಅದೇ ಬಣ್ಣವೂ. ಇದು ಕಾರ್ಖಾನೆಗೆ ಕೊಡುವ ಪ್ರಮಾಣಪತ್ರವಲ್ಲ. ಹೆಮ್ಮರಗಳು ಹೋದವು, ಕೆಲವೆಡೆ ತೇಗ ಒಂದನ್ನೇ ನೆಟ್ಟರು. ತೇಗದ ಎಲೆ ಉದುರುವ ಮುಂಚೆ ಬರೀ ಕಂದಾಗಿ ಒರಟಾಗುತ್ತದೆ, ಅದನ್ನು ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ. ಆದರೆ ತೇಗವೂ ಋತು ಬಲ್ಲ ಮರವೇ.

ಋತುವೇ ತಿಳಿಯದ ಮರ ಬಂದದ್ದು ಕಾಗದಕ್ಕಾಗಿ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಮೊದಲು ಬಿದಿರು ಅರೆದು, ಆಮೇಲೆ ನೀಲಗಿರಿಗೂ ಅಕೇಶಿಯಾಕ್ಕೂ ಹೊರಳಿತು. 1980ರಲ್ಲಿ ಸರ್ಕಾರ ಸಾವಿರಾರು ಎಕರೆ ಅರಣ್ಯ ಭೂಮಿಯನ್ನು ನಲವತ್ತು ವರ್ಷದ ಗೇಣಿಗೆ ಕೊಟ್ಟಿತು. ಅಕೇಶಿಯಾದಲ್ಲಿ ನಾವು ಎಲೆ ಎನ್ನುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಕುಡುಗೋಲಿನಂತೆ ಬಾಗಿ, ಉದ್ದುದ್ದ ನರ ಎದ್ದ ಆ ತೊಟ್ಟು ದಪ್ಪ, ಬಿರುಸು. ವರ್ಷವಿಡೀ ಒಂದೊಂದಾಗಿ ಉದುರಿ ಬೇಗ ಕೊಳೆಯದೆ ಬಿದ್ದಿರುತ್ತದೆ. ಮಾಘ ಬಂದರೂ ವೈಶಾಖ ಬಂದರೂ ಮರದ ಮೇಲೆ ಅದೇ ಮಂಕು ಹಸಿರು.

ಹಸಿರಾದರೆ ಸಾಲದೇ, ಬೋಳುಗುಡ್ಡಕ್ಕಿಂತ ವಾಸಿಯಲ್ಲವೇ ಎಂದು ಕೇಳುವವರಿದ್ದಾರೆ. ನೆಟ್ಟ ಜಾಗವೆಲ್ಲ ಬೋಳಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಬಣ್ಣಕ್ಕಾಗಿ ಗೋಳಾಡುವುದು ಹೊಟ್ಟೆ ತುಂಬಿದವರ ಶೋಕಿ ಎಂಬುದು ಇನ್ನೊಂದು ಆಕ್ಷೇಪ. ಆದರೆ ಎಲೆಯುದುರುವ ಕಾಡಿನ ತಳ ಬೇಸಿಗೆಯಲ್ಲಿ ಬೆಳಕು ಕಾಣುತ್ತದೆ, ಹುಲ್ಲು ಬರುತ್ತದೆ, ದನ ಮೇಯುತ್ತದೆ, ಒಣಗಿದ ಎಲೆಯ ದರಕು ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಹೋಗುತ್ತದೆ. ಬಣ್ಣ ಈ ವ್ಯವಸ್ಥೆಯ ಹೊರಗುರುತು, ಅಷ್ಟೇ. ಆ ಅರಣ್ಯ ಭೂಮಿಯ ಗೇಣಿ 2020ರಲ್ಲಿ ಮುಗಿದಾಗ ಕಾಗದ ಕಾರ್ಖಾನೆ ಆಗಲೇ ನಿಂತುಹೋಗಿತ್ತು. ಆದರೂ ಅವಧಿ ವಿಸ್ತರಿಸಲು ಸರ್ಕಾರ ಹೊರಟಿತು, ಅದನ್ನು ವಿರೋಧಿಸಿ ಶಿವಮೊಗ್ಗದಲ್ಲಿ ಜನ ಬೀದಿಗಿಳಿದರು.

ಇಷ್ಟರ ಮೇಲೆ ಅಕೇಶಿಯಾ ಕಡಿದರೆ ಕಾಡು ತಾನಾಗಿ ಬರುತ್ತದೆಂದು ನಂಬುವಂತಿಲ್ಲ. ಹಳೆಯ ಬೊಡ್ಡೆ ಕಿತ್ತು ನೆಲ ಹಸನು ಮಾಡಿದ ಕಡೆ ಚಿಗುರಲು ಬೇರೇ ಇಲ್ಲ. ಅಲ್ಲಿ ಬೀಜದಿಂದಲೇ ಶುರುಮಾಡಬೇಕು. ಬೀಜಕ್ಕೆ ದೂರ ಹೋಗಬೇಕಿಲ್ಲ: ಶೆಟ್ಟಿಹಳ್ಳಿ ಅಭಯಾರಣ್ಯದ ಪೂರ್ವದ ಅಂಚು ಇವತ್ತಿಗೂ ಎಲೆಯುದುರುವ ಕಾಡೇ, ಶಿವಮೊಗ್ಗ ಪೇಟೆಗೆ ಹತ್ತಿರದಲ್ಲೇ ಇದೆ.